ಉಕ್ಕಿನ ಗುರಿಹಲಗೆಯ ವಿಚಾರ

ದ್ರೋಣಾಚಾರ್ಯರು ತಮ್ಮ ಶಿಷ್ಯರ ಲಕ್ಷ್ಯವೇಧವನ್ನು ಪರೀಕ್ಷಿಸಿದ ಕಥೆಯನ್ನು ಅರಿಯದ ಬಾಲಕರು ನಮ್ಮ ನಾಡಿನಲ್ಲಿ ವಿರಳ. ಮರದ ತುದಿಯ ಹಕ್ಕಿಯನ್ನೂ ಅದರ ತಲೆಯೊಂದನ್ನೇ ಕಂಡ ಅರ್ಜುನನನ್ನೂ ಎಲ್ಲರೂ ಬಲ್ಲರು. ಆದರೆ ಆ ಹಕ್ಕಿಗೆ ಜೀವವಿರಲಿಲ್ಲ, ಅದು ಆಚಾರ್ಯರು ಶಿಲ್ಪಿಗಳಿಂದ ಮಾಡಿಸಿ ಮರದ ಮೇಲೆ ಇಡಿಸಿದ ಕೃತ್ರಿಮ ಪಕ್ಷಿ ಎಂಬುದನ್ನು ವ್ಯಾಸಭಾರತದ ಆದಿಪರ್ವವನ್ನು ಓದಿದವರು ಮಾತ್ರ ಗಮನಿಸಿರುತ್ತಾರೆ. ಮುಂದೆ ರಾಜಕುಮಾರರು ರಂಗಭೂಮಿಯಲ್ಲಿ ತಮ್ಮ ವಿದ್ಯೆಯನ್ನು ಪ್ರದರ್ಶಿಸಿದಾಗ ಅರ್ಜುನನು ತಿರುಗುತ್ತಿರುವ ಒಂದು ಲೋಹದ ಹಂದಿಯ ಬಾಯಿಗೆ ಐದು ಬಾಣಗಳನ್ನು ಒಂದೇ ಬಾಣವೆಂಬಂತೆ ಬಿಟ್ಟನೆಂದೂ, ಹಗ್ಗಕ್ಕೆ ತೂಗಬಿಟ್ಟ ಗೋವಿನ ಕೊಂಬಿನ ಪೊಳ್ಳಿನಲ್ಲಿ ಇಪ್ಪತ್ತೊಂದು ಬಾಣಗಳನ್ನು ನೆಟ್ಟನೆಂದೂ ಅಲ್ಲಿಯೇ ಹೇಳಿದೆ. ಅಭ್ಯಾಸಕ್ಕೆ ಲೋಹದ ಗುರಿಯನ್ನು ನಿಲ್ಲಿಸುವದು ಹೊಸ ಕಾಲದ ಕಲ್ಪನೆಯಲ್ಲವೆಂಬುದಕ್ಕೆ ಇಷ್ಟು ಸಾಕು. ಬಾಣವಾದರೋ ತಾಗಿದಲ್ಲಿ ನೆಡುವದು, ಇಲ್ಲವೆ ಕೆಳಗೆ ಬೀಳುವದು. ಸೀಸದ ಗುಂಡಿನ ಸ್ವಭಾವ ಹಾಗಲ್ಲ. ಅದು ಗುರಿಗೆ ತಾಗಿದ ಮೇಲೆ ಎಲ್ಲಿಗೆ ಹೋಗುವದೆಂಬುದನ್ನು ವಿಚಾರಿಸದೆ ಕೈಗೆ ಸಿಕ್ಕಿದ ಕಬ್ಬಿಣವನ್ನು ತೂಗಹಾಕುವವರೇ ಹೆಚ್ಚಾಗಿರುವದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ಇಂಥ ವಿಷಯವು ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಗೆ ತಕ್ಕದ್ದೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ತೋಟದ ಮನೆಗಳನ್ನು ಕಂಡವರು ಹಾಗೆ ಶಂಕಿಸಲಾರರು. ಕಣಿವೆಯಲ್ಲಿ ಅಡಿಕೆಯ ತೋಟ, ತೋಟದ ತಲೆಯ ಮೇಲೆ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಬೆಟ್ಟದಾಚೆಗೆ ಕಾಡು; ಇದು ನಮ್ಮ ಕಡೆಯ ಸ್ಥಿತಿ. ಹಗಲು ಮಂಗಗಳೂ ರಾತ್ರಿ ಹಂದಿಗಳೂ ಬರುವದರಿಂದ ಬೆಳೆರಕ್ಷಣೆಯ ಸಲುವಾಗಿ ಪರವಾನಗಿ ಪಡೆದ ಕೋವಿಯೊಂದು ಎಷ್ಟೋ ಮನೆಗಳಲ್ಲಿ ಉಂಟು. ಚುನಾವಣೆ ಬಂದಾಗ ಅದು ಪೋಲೀಸು ಠಾಣೆಗೆ ಹೋಗಿ, ಕೆಲವು ವಾರ ಅಲ್ಲಿದ್ದು ಮರಳಿ ಬರುವದು. ಆ ದಿವಸಗಳು ಹಂದಿಗಳಿಗೆ ಸುಗ್ಗಿಯೆಂದು ತೋಟಿಗರು ನಗುತ್ತ ಹೇಳುವದುಂಟು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬಂದಂದಿನಿಂದ ಕಾಡುಪ್ರಾಣಿಗಳನ್ನು ಮನಬಂದಂತೆ ಕೊಲ್ಲುವಂತಿಲ್ಲವಾದುದರಿಂದ ಈ ಕೋವಿಯು ಬಹುಮಟ್ಟಿಗೆ ಸದ್ದುಮಾಡಿ ಹೆದರಿಸುವ ಸಾಧನವಾಗಿಯೇ ಉಳಿದಿದೆ. ಇದಲ್ಲದೆ ಗಾಳಿಯ ಬಂದೂಕು, ಎಂದರೆ ಏರ್‌ಗನ್, ಈಗ ಅನೇಕ ಮನೆಗಳನ್ನು ಹೊಕ್ಕಿದೆ. ೨೦೦೮ರಲ್ಲಿ ಅಭಿನವ ಬಿಂದ್ರಾ ಅವರು ಬೀಜಿಂಗಿನಲ್ಲಿ ೧೦ ಮೀಟರಿನ ಏರ್ ರೈಫಲಿನಲ್ಲಿ ಚಿನ್ನದ ಪದಕವನ್ನೂ, ೨೦೨೪ರಲ್ಲಿ ಮನು ಭಾಕರ್ ಅವರು ಪ್ಯಾರಿಸಿನಲ್ಲಿ ಪಿಸ್ತೂಲಿನಲ್ಲಿ ಎರಡು ಕಂಚಿನ ಪದಕಗಳನ್ನೂ ಪಡೆದ ಸುದ್ದಿಯನ್ನು ಕೇಳಿದ ಮಕ್ಕಳಿಗೆ ಗುರಿ ಹಿಡಿಯುವ ಆಸೆ ಹುಟ್ಟಿದ್ದು ಸಹಜವೇ. ಎರಡು ವರ್ಷಕ್ಕೊಮ್ಮೆ ಕೂಡುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಅಂಗಡಿಯ ಮುಂದಿನ ನೂಕುನುಗ್ಗಲನ್ನು ನೋಡಿದವರಿಗೆ ಈ ಆಸೆಯ ಪ್ರಮಾಣವನ್ನು ಹೇಳಬೇಕಾಗಿಲ್ಲ.

ಸಿದ್ದಾಪುರದ ಕಡೆಯ ಒಂದು ಹಳ್ಳಿಯಲ್ಲಿ ನಾವು ಕಣ್ಣಾರೆ ಕಂಡ ಸಂಗತಿಯೊಂದನ್ನು ಇಲ್ಲಿ ಹೇಳುವದು ಅವಶ್ಯ. ಆ ಮನೆಯವರು ಹಿಂದೆ ಆಲೆಮನೆಯಲ್ಲಿ ಬೆಲ್ಲ ಕಾಸುತ್ತಿದ್ದ ಕಬ್ಬಿಣದ ಕೊಪ್ಪರಿಗೆಯ ತಳದ ತುಂಡೊಂದನ್ನು ಅಂಗಳದ ಅಂಚಿನ ಹಲಸಿನ ಮರಕ್ಕೆ ತಂತಿಯಿಂದ ಬಿಗಿದಿದ್ದರು. ಅದರ ಬೋಗುಣಿಯಂಥ ಒಳಮೈಯು ಅಂಗಳದ ಕಡೆಗಿತ್ತು. ಮನೆಯ ಮೊಮ್ಮಗ ಎಂಟು ಹತ್ತು ಹೆಜ್ಜೆಯಿಂದ ಅದಕ್ಕೆ ಏರ್‌ಗನ್ನಿನಿಂದ ಹೊಡೆಯುವದು, ತಾಗಿದಾಗ ಠಣ್ಣೆಂಬ ನಾದಕ್ಕೆ ಉಳಿದ ಮಕ್ಕಳು ಚಪ್ಪಾಳೆ ತಟ್ಟುವದು, ಹೀಗೆ ಆಟ ನಡೆದಿತ್ತು. “ಅಜ್ಜನ ಕಾಲದ ಕಬ್ಬಿಣ, ಮಾಸ್ತರೆ, ಅದಕ್ಕೇನೂ ಆಗುವದಿಲ್ಲ” ಎಂದು ಯಜಮಾನರು ಅಭಿಮಾನದಿಂದ ನುಡಿದರು. ಕಬ್ಬಿಣಕ್ಕೇನೂ ಆಗಿರಲಿಲ್ಲ, ನಿಜ. ಆದರೆ ಜಗಲಿಯ ಕಂಬದ ಮರೆಯಲ್ಲಿ ನಿಂತಿದ್ದ ಎಂಟು ವರ್ಷದ ಹುಡುಗಿಯ ಕೆನ್ನೆಯ ಮೇಲೆ ಹಿಂದಿನ ದಿವಸದ ಗಾಯವೊಂದು ಒಣಗುತ್ತಿತ್ತು. ಕಣ್ಣಿಗೂ ಅದಕ್ಕೂ ನಡುವೆ ಒಂದು ಬೆರಳಿನ ಅಂತರ. “ಹೊಡೆದದ್ದು ತಿರುಗಿ ಬರುತ್ತದೆಂದು ಯಾರಿಗೆ ಗೊತ್ತಿತ್ತು, ಮಾಸ್ತರೆ?” ಎಂದು ಅವಳ ಅಜ್ಜಿ ಕೇಳಿದರು.

ಅಜ್ಜಿಯ ಪ್ರಶ್ನೆಗೆ ಉತ್ತರವಿದು. ಸೀಸವು ಬಹಳ ಮೃದುವಾದ ಲೋಹ. ಅದು ವೇಗದಿಂದ ಬಂದು ಗಟ್ಟಿಯಾದ, ಸಪಾಟಾದ ಹಲಗೆಗೆ ತಾಗಿದರೆ ಚಪ್ಪಟೆಯಾಗಿ, ವೇಗ ಹೆಚ್ಚಿದ್ದಲ್ಲಿ ಪುಡಿಪುಡಿಯಾಗಿ, ಹಲಗೆಯ ಮೈಗುಂಟ ಸುತ್ತಲೂ ಚಿಮ್ಮುವದು. ಗೋಡೆಗೆ ಎರಚಿದ ನೀರು ಗೋಡೆಯ ಮೈಯನ್ನು ಹಿಡಿದೇ ಹರಡುವಂತೆ. ಹೊಡೆದವನ ಕಡೆಗೆ ಆಗ ಬರುವದು ಅಲ್ಪ. ಹಲಗೆಯೇ ಮೆತ್ತಗಿದ್ದರೆ ಪ್ರಬಲವಾದ ಗುಂಡು ಅದರಲ್ಲಿ ಕುಳಿಯನ್ನು ತೋಡುವದು. ಮುಂದಿನ ಗುಂಡು ಆ ಕುಳಿಯೊಳಗೆ ಹೊಕ್ಕರೆ ಕುಳಿಯ ಅಂಚು ಅದನ್ನು ಬಂದ ದಾರಿಗೇ ತಿರುಗಿಸುವದು. ಬೋಗುಣಿಯೊಳಗೆ ನೀರನ್ನು ಬೀಸಿ ಎರಚಿ ನೋಡಿರಿ, ಮುಖ ಒದ್ದೆಯಾಗುವದು. ಹೀಗಾಗಿ ಕುಳಿಬಿದ್ದ ಹಲಗೆಯು ಹತ್ತಾರು ಪುಟ್ಟ ಬೋಗುಣಿಗಳ ಸಮೂಹವೇ ಸರಿ. ಕೊಪ್ಪರಿಗೆಯ ತಳವಾದರೋ ಹುಟ್ಟಿನಿಂದಲೇ ಬೋಗುಣಿ.

ಆದ್ದರಿಂದ ಗುರಿಹಲಗೆಗೆ ಮೊದಲು ಬೇಕಾದ ಗುಣ ಕಾಠಿಣ್ಯ. ಇದನ್ನು ಅಳೆಯುವ ಒಂದು ಕ್ರಮವನ್ನು ಸ್ವೀಡನ್ ದೇಶದ ಬ್ರಿನೆಲ್ ಎಂಬ ಎಂಜಿನಿಯರನು ೧೯೦೦ರಲ್ಲಿ ಲೋಕದ ಮುಂದಿಟ್ಟನು. ೧೦ ಮಿಲಿಮೀಟರ್ ವ್ಯಾಸದ ಗಟ್ಟಿ ಗುಂಡನ್ನು ೩,೦೦೦ ಕಿಲೋಗ್ರಾಮಿನ ಭಾರದಿಂದ ಲೋಹದ ಮೇಲೆ ಒತ್ತಿ, ಬಿದ್ದ ಗುರುತಿನ ಅಗಲದಿಂದ ಕಾಠಿಣ್ಯದ ಅಂಕವನ್ನು ಕಟ್ಟುವದು ಅವನ ರೀತಿ. ಕಬ್ಬಿಣದ ಅಂಗಡಿಯಲ್ಲಿ ಎಂ. ಎಸ್. ಪ್ಲೇಟು ಎಂದು ಕೊಡುವ ಮೃದು ಉಕ್ಕಿನ ಅಂಕವು ಸುಮಾರು ೧೨೦ರಿಂದ ೧೫೦. ಗುರಿಹಲಗೆಗೆ ಉಪಯೋಗಿಸುವ ಉಕ್ಕಿನ ಅಂಕ ೫೦೦ರ ಸಮೀಪ, ಅದಕ್ಕೆ ಎ. ಆರ್. ೫೦೦ ಎಂದು ಹೆಸರು. ಸವೆತವನ್ನು ತಡೆಯುವ ಉಕ್ಕೆಂಬುದೇ ಆ ಅಕ್ಷರಗಳ ಅರ್ಥ. ಇದು ಬಂದೂಕಿಗಾಗಿ ಹುಟ್ಟಿದ್ದಲ್ಲ. ಅದಿರನ್ನೂ ಜಲ್ಲಿಯನ್ನೂ ಸಾಗಿಸುವ ಟಿಪ್ಪರುಗಳ ಒಳಮೈಗೆ, ಮಣ್ಣು ತೋಡುವ ಯಂತ್ರಗಳ ಬಕೆಟ್ಟಿಗೆ ಹಾಕುವ ಉಕ್ಕು ಇದೇ ಜಾತಿಯದು. ನಮ್ಮ ‘ಉಕ್ಕು’ ಎಂಬ ಶಬ್ದವೇ ಪಾಶ್ಚಾತ್ಯರ ಬಾಯಲ್ಲಿ ‘ವೂಟ್ಜ್’ ಆಯಿತೆಂದು ಪಂಡಿತರು ಹೇಳುವದನ್ನು ಈ ಪ್ರಸಂಗದಲ್ಲಿ ಸ್ಮರಿಸಿ ಕೊಂಚ ಹೆಮ್ಮೆಪಟ್ಟರೆ ತಪ್ಪಲ್ಲ.

ಈ ಕಾಠಿಣ್ಯವು ಉಕ್ಕಿಗೆ ಬರುವದು ಹದದಿಂದ. ಕೆಂಪಗೆ ಕಾಸಿ, ಒಮ್ಮೆಲೆ ತಣಿಸಿ, ತಕ್ಕಷ್ಟು ಮರುಗಾಸಿ ಹದಗೊಳಿಸುವ ಕ್ರಿಯೆಯನ್ನು ನಮ್ಮ ಕಮ್ಮಾರರು ಕತ್ತಿ ಕೊಡಲಿಗಳಿಗೆ ಇಂದಿಗೂ ಮಾಡುವರು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಖಡ್ಗದ ಲಕ್ಷಣಗಳನ್ನು ಹೇಳುವಾಗ ಇದಕ್ಕೇ ಶಸ್ತ್ರಪಾನವೆಂದು ಕರೆದಿದ್ದಾನೆ. ಆಯುಧಕ್ಕೆ ಕುಡಿಸುವದು ಎಂಬ ಆ ಮಾತು ಎಷ್ಟು ಸೊಗಸು! ಹದವು ಬೆಂಕಿಯಿಂದ ಬಂದಂತೆ ಬೆಂಕಿಯಿಂದಲೇ ಹೋಗುವದೂ ಉಂಟು. ಗಟ್ಟಿ ಹಲಗೆಯನ್ನು ತಂದು, ಅದನ್ನು ಗ್ಯಾಸಿನ ಜ್ವಾಲೆಯಿಂದ ಗುಂಡಗೆ ಕತ್ತರಿಸಿ, ಹಿಂಬದಿಗೆ ಕೊಂಡಿಯನ್ನು ವೆಲ್ಡಿಂಗ್ ಮಾಡಿಸಿದರೆ ಆ ಅಂಚೂ ಆ ಬೆಸುಗೆಯ ಸುತ್ತಲಿನ ಜಾಗವೂ ಹದಗೆಟ್ಟು ಮೆತ್ತಗಾಗುವವು; ಕೊಟ್ಟ ಹಣದ ಅರ್ಧ ನೀರುಪಾಲು. ಆದುದರಿಂದ ನೀರಿನ ಧಾರೆಯಿಂದಲೋ ಲೇಸರಿನಿಂದಲೋ ಕತ್ತರಿಸಿ, ರಂಧ್ರಗಳನ್ನೂ ಹಾಗೆಯೇ ಕೊರೆದು ಕೊಟ್ಟ ಹಲಗೆಯನ್ನು ಕೊಳ್ಳುವದು ಲೇಸು. ಮನೆಯಲ್ಲಿ ಅದಕ್ಕೆ ಬೆಸುಗೆ ಬೇಡವೇ ಬೇಡ. ಗುಜರಿಯ ಅಂಗಡಿಯಲ್ಲಿ “ಬಹಳ ಗಟ್ಟಿ ಮಾಲು” ಎಂದು ಕೊಡುವ, ಹುಟ್ಟು ಗೊತ್ತಿಲ್ಲದ ತುಂಡುಗಳನ್ನು ನಾವು ನಂಬುವದಿಲ್ಲ.

ದಪ್ಪದ ಮಾತು. ಗಾಳಿಯ ಬಂದೂಕಿನ ಸೀಸದ ಪೆಲೆಟ್ಟಿಗೆ ೩ ಮಿಲಿಮೀಟರಿನ ಮೃದು ಉಕ್ಕೂ ಸಾಕು, ಅದು ಕುಳಿಬೀಳುವದಿಲ್ಲ. ಪಾಯಿಂಟ್ ಟೂ ಟೂ ಬಂದೂಕಿಗೆ ಗಟ್ಟಿ ಉಕ್ಕಿನ ೬ ಮಿಲಿಮೀಟರು, ಅದಕ್ಕೂ ಬಲವಾದ ರೈಫಲುಗಳಿಗೆ ಗಟ್ಟಿ ಉಕ್ಕಿನದೇ ೧೦ ಮಿಲಿಮೀಟರು ಬೇಕು. ಒಂದಡಿ ಚೌಕದ ೧೦ ಮಿಲಿಮೀಟರಿನ ಹಲಗೆಯು ಏಳು ಕಿಲೋಗ್ರಾಮಿಗೂ ಮಿಕ್ಕಿ ತೂಗುವದರಿಂದ ಹೆಂಗಸರಾಗಲಿ ಗಂಡಸರಾಗಲಿ ಒಬ್ಬರೇ ಎತ್ತಿ ಇಡಬಹುದು. ಅದಕ್ಕೂ ದೊಡ್ಡದನ್ನು ಮನೆಯವರು ಏತಕ್ಕೆ ಬಯಸುವರೋ ನಮಗೆ ತಿಳಿಯದು.

ಹಲಗೆಯಷ್ಟೇ ಮುಖ್ಯವಾದದ್ದು ಅದನ್ನು ತೂಗಹಾಕುವ ರೀತಿ. ಬಿಗಿಯಾಗಿ ನೆಟ್ಟ ಹಲಗೆಗಿಂತ ತೂಗುವ ಹಲಗೆ ಒಳ್ಳೆಯದು, ಏಕೆಂದರೆ ಹಿಂದಕ್ಕೆ ಸರಿಯುತ್ತ ಅದು ಪೆಟ್ಟಿನ ಬಲವನ್ನು ತಾನಷ್ಟು ನುಂಗುವದು. ಅದರ ಮೇಲಂಚು ಹೊಡೆಯುವವನ ಕಡೆಗೆ ಬಾಗಿ, ಮುಖವು ತುಸು ನೆಲವನ್ನು ನೋಡುವಂತಿರಬೇಕು. ಸುಮಾರು ೨೦ ಅಂಶದ ಓರೆ ಸಾಕು. ಹೀಗಿದ್ದರೆ ಸೀಸದ ಚೂರುಗಳ ಹೆಚ್ಚಿನ ಪಾಲು ಕೆಳಗಿನ ಮಣ್ಣಿಗೆ ಇಳಿಯುವದು. ಸರಪಳಿಯನ್ನು ಹಲಗೆಯ ಹಿಂಬದಿಗೆ ಕೊಂಚ ದೂರದಿಂದ ಹಿಡಿಸಿದರೆ ಈ ಓರೆಯು ತಾನಾಗಿಯೇ ಬರುವದು. ಮುಂಬದಿಯಲ್ಲಿ ಕಾಣುವ ಬೋಲ್ಟಿನ ತಲೆಯು ಗುಂಡಗೆ ನಯವಾಗಿರಬೇಕು. ಆರು ಮೂಲೆಯ ತಲೆಗೆ ತಾಗಿದ ಗುಂಡು ಯಾವ ದಿಕ್ಕಿಗೆ ಹಾರುವದೆಂದು ಬ್ರಹ್ಮನೂ ಹೇಳಲಾರ. ಸರಪಳಿಯ ಬದಲಿಗೆ ಹಳೆಯ ರಬ್ಬರು ಬೆಲ್ಟಿನ ಪಟ್ಟಿಯನ್ನು ಉಪಯೋಗಿಸಿದರೆ ಇನ್ನೂ ಉತ್ತಮ. ಕಂಬಗಳು ಕಬ್ಬಿಣದವು ಬೇಡ, ಮರದವು ಇರಲಿ. ಅಕ್ಕಪಕ್ಕಕ್ಕೆ ಚಿಮ್ಮುವ ಚೂರುಗಳನ್ನು ತಡೆಯಲು ಎರಡೂ ಮಗ್ಗುಲಿಗೆ ಹಲಗೆಗಳನ್ನು ನಿಲ್ಲಿಸಬೇಕು. ಅಡಿಕೆಯ ದಬ್ಬೆಗಳನ್ನು ಎರಡು ಪದರಾಗಿ ಒತ್ತೊತ್ತಾಗಿ ಕಟ್ಟಿದರೆ ಗಾಳಿಯ ಬಂದೂಕಿನ ಚೂರುಗಳಿಗೆ ಅಷ್ಟು ಸಾಕು. ಅದು ತೋಟದಲ್ಲಿಯೇ ದೊರೆಯುವ ವಸ್ತು, ಹಾಳಾದರೆ ಮರುಕವಿಲ್ಲ.

ಸ್ಥಳದ ವಿಷಯದಲ್ಲಿ ನಮ್ಮ ಮಲೆನಾಡು ಒಂದು ಕಡೆ ಅನುಕೂಲ, ಇನ್ನೊಂದು ಕಡೆ ಅಪಾಯ. ಅನುಕೂಲವೆಂದರೆ ಮನೆಮನೆಗೂ ಎತ್ತರವಾದ ದರೆ ಉಂಟು. ಮೆತ್ತನೆಯ ಮಣ್ಣಿನ ದರೆಯನ್ನು ಹಿನ್ನೆಲೆಯಾಗಿ ಇಟ್ಟುಕೊಂಡು ಅದರ ಬುಡದಲ್ಲಿ ಹಲಗೆಯನ್ನು ನಿಲ್ಲಿಸಿದರೆ ಗುರಿತಪ್ಪಿದ ಗುಂಡು ಮಣ್ಣಿನಲ್ಲಿ ಹೂತುಹೋಗುವದು. ಚಿರೆಕಲ್ಲಿನ ದರೆ ಮಾತ್ರ ಕೆಲಸಕ್ಕೆ ಬಾರದು, ಕಲ್ಲಿಗೆ ತಾಗಿದ್ದು ಹಾರುವದು. ಅಪಾಯವೆಂದರೆ ದರೆಯ ಮೇಲಿನ ಬೆಟ್ಟದಲ್ಲಿ ಸೊಪ್ಪು ತರುವವರು, ದರಕು ಗುಡಿಸುವವರು, ದನ ಕಾಯುವವರು ಯಾವಾಗಲೂ ಇರಬಹುದು. ಪಾಯಿಂಟ್ ಟೂ ಟೂ ಗುಂಡು ಸಣ್ಣದೆಂದು ತೋರಿದರೂ ಮೈಲಿಗೂ ಮೀರಿ ಹೋಗಬಲ್ಲದು. ದರೆಯ ಎತ್ತರವು ಹೊಡೆಯುವವನ ಎರಡಾಳು ಇಲ್ಲದಿದ್ದರೆ ಆ ಜಾಗವನ್ನು ಬಿಟ್ಟುಬಿಡುವದೇ ಸರಿ. ಹಲಗೆಗೂ ಮನುಷ್ಯನಿಗೂ ನಡುವೆ ಗಾಳಿಯ ಬಂದೂಕಿಗೆ ೧೦ ಮೀಟರ್, ಪಾಯಿಂಟ್ ಟೂ ಟೂವಿಗೆ ೨೫, ಬಲವಾದ ರೈಫಲಿಗೆ ೧೦೦ ಮೀಟರಿಗಿಂತ ಕಡಿಮೆ ಅಂತರ ಸಲ್ಲದು. ಹೊಡೆಯುವವರೂ ನೋಡುವವರೂ ಕಣ್ಣಿಗೆ ರಕ್ಷಣೆಯ ಕನ್ನಡಕವನ್ನು ಧರಿಸತಕ್ಕದ್ದು. ಓದುವ ಕನ್ನಡಕ ಇದಕ್ಕೆ ಸಾಲದು. ಗ್ರೈಂಡರ್ ಹಿಡಿಯುವವರು ಹಾಕಿಕೊಳ್ಳುವ, ಮಗ್ಗುಲೂ ಮುಚ್ಚುವ ಜಾತಿಯದು ಬೇಕು.

ಮಕ್ಕಳಿರುವ ಮನೆಗೆ ನಾವು ಸೂಚಿಸುವದು ತೂಗುವ ಹಲಗೆಯನ್ನಲ್ಲ, ಪೆಟ್ಟಿಗೆಯನ್ನು. ಒಂದೂವರೆ ಅಡಿ ಉದ್ದದ ಮರದ ಪೆಟ್ಟಿಗೆಯ ಒಂದು ಮುಖವನ್ನು ತೆರೆದಿಟ್ಟು, ಒಳಗೆ ೩ ಮಿಲಿಮೀಟರಿನ ಕಬ್ಬಿಣದ ತಗಡನ್ನು ಮುಂದಿನ ಮೇಲಂಚಿನಿಂದ ಹಿಂದಿನ ಕೆಳಮೂಲೆಗೆ ಇಳಿಜಾರಾಗಿ ಕೂಡ್ರಿಸಬೇಕು. ತೆರೆದ ಮುಖಕ್ಕೆ ಕಾಗದದ ಗುರಿಯನ್ನು ಅಂಟಿಸಿದರೆ ಆಯಿತು. ಕಾಗದವನ್ನು ತೂರಿದ ಪೆಲೆಟ್ಟು ಓರೆಯ ತಗಡಿಗೆ ತಾಗಿ ಕೆಳಕ್ಕೆ ಜಾರಿ ಪೆಟ್ಟಿಗೆಯ ತಳದಲ್ಲಿ ಬೀಳುವದು. ತಳದಲ್ಲಿ ನಾಲ್ಕು ಮಡಿಕೆ ಹಳೆಯ ಗೋಣಿತಟ್ಟನ್ನು ಹಾಸಿದರೆ ಪುಟಿಯುವದೂ ಇಲ್ಲ. ಊರಿನ ಬಡಗಿಯು ಇದನ್ನು ಒಂದು ದಿವಸದಲ್ಲಿ ಮಾಡಿಕೊಡಬಲ್ಲನು. ಕಾಗದದ ಲಾಭ ಇನ್ನೊಂದುಂಟು. ಠಣ್ಣೆಂಬ ಸದ್ದು ತಾಗಿತೆಂದಷ್ಟೇ ಹೇಳುವದು, ಕಾಗದವು ಎಲ್ಲಿ ತಾಗಿತೆಂದು ಹೇಳುವದು. ಅಂತರರಾಷ್ಟ್ರೀಯ ಸ್ಪರ್ಧೆಯ ಏರ್ ರೈಫಲಿನ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರಿಯ ಅರ್ಧ ಮಿಲಿಮೀಟರ್ ಎಂದು ತಿಳಿದರೆ ಕೊಪ್ಪರಿಗೆಗೆ ಹೊಡೆದು ಬೀಗುವ ಹುಡುಗರು ತುಸು ಮೌನವಾದಾರು.

ಒಂದು ಮಾತನ್ನು ಒತ್ತಿ ಹೇಳುತ್ತೇವೆ. ಉಕ್ಕಿನ ಗುರಿಗೆ ಉಕ್ಕಿನ ಗುಂಡನ್ನು ಎಂದೂ ಹೊಡೆಯಬಾರದು. ಪೆಲೆಟ್ಟು ಮುಗಿದಾಗ ಸೈಕಲ್ಲಿನ ಬೇರಿಂಗಿನ ಗುಂಡುಗಳನ್ನು ತುರುಕುವ ಜಾಣರಿದ್ದಾರೆ. ಹಳೆಯ ಕೇಪಿನ ಕೋವಿಗೆ ಕಬ್ಬಿಣದ ಚೂರುಗಳನ್ನು ತುಂಬುವವರೂ ಇದ್ದಾರೆ. ಸೀಸವು ಚಪ್ಪಟೆಯಾಗಿ ತನ್ನ ವೇಗವನ್ನು ಕಳೆದುಕೊಳ್ಳುವದು, ಉಕ್ಕು ಉಕ್ಕಿಗೆ ತಾಗಿದರೆ ಚೆಂಡಿನಂತೆ ತಿರುಗಿ ಬರುವದು. ಕೊಪ್ಪರಿಗೆಯ ಮನೆಯಲ್ಲಿ ಇದ್ದದ್ದು ಸೀಸದ ಪೆಲೆಟ್ಟಾದುದರಿಂದ ಕೆನ್ನೆಯ ಗಾಯದಲ್ಲಿ ಮುಗಿಯಿತು.

ತೋಟಾಕೋವಿಯ ಚರೆಗೆ ಬೇರೆ ಬಗೆಯ ಹಲಗೆಯೊಂದು ಹಿಂದಿನಿಂದ ಬಂದಿದೆ, ಅದು ನಮಗೆ ಬಹಳ ಮೆಚ್ಚಿಕೆ. ಇಂಗ್ಲೆಂಡಿನ ಕೋವಿ ತಯಾರಕರು ದೊಡ್ಡದೊಂದು ಕಬ್ಬಿಣದ ಹಲಗೆಗೆ ಸುಣ್ಣ ಬಳಿದು, ೪೦ ಗಜ ದೂರದಿಂದ ಅದಕ್ಕೆ ಒಂದು ಈಡು ಹೊಡೆದು, ೩೦ ಅಂಗುಲದ ವರ್ತುಲದೊಳಗೆ ಎಷ್ಟು ಚರೆಗಳು ತಾಗಿದವೆಂದು ಎಣಿಸಿ ಕೋವಿಯ ನಳಿಗೆಯ ಗುಣವನ್ನು ನಿರ್ಣಯಿಸುತ್ತಿದ್ದರು. ಮತ್ತೊಮ್ಮೆ ಸುಣ್ಣ ಬಳಿದರೆ ಹಲಗೆ ಹೊಸದಾಯಿತು. ಚರೆ ಎಷ್ಟು ದೂರದಲ್ಲಿ ಎಷ್ಟು ಹರಡುವದೆಂದು ಒಮ್ಮೆ ಕಣ್ಣಿನಿಂದ ನೋಡಿದ ತೋಟಿಗನು ಮನೆಯ ಹತ್ತಿರ, ದನದ ಹತ್ತಿರ ಕೋವಿಯನ್ನು ಎತ್ತಲು ಹಿಂಜರಿಯುವನು. ನಮ್ಮಲ್ಲಿ ಗೋಡೆಗೆ ಬಳಿಯುವ ಶೇಡಿ ಇದಕ್ಕೆ ಚೆನ್ನಾಗಿ ಹೊಂದುವದು. ಬಿಳಿಯ ಮೈಮೇಲೆ ಸೀಸದ ಕಪ್ಪು ಗುರುತುಗಳು ಒಂದೊಂದಾಗಿ ಕಾಣುವವು. ಈ ಹಲಗೆ ಸಣ್ಣ ಚರೆಗೆ ಮಾತ್ರ. ದೊಡ್ಡ ಚರೆಗೂ ಒಂಟಿ ಗುಂಡಿಗೂ ಇದನ್ನು ಒಡ್ಡಬಾರದು.

ಧನುರ್ವೇದದ ಗ್ರಂಥಗಳು ಲಕ್ಷ್ಯವನ್ನು ಸ್ಥಿರ, ಚಲ, ಚಲಾಚಲ, ದ್ವಯಚಲ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತವೆ. ಮೊದಲನೆಯದರಲ್ಲಿ ಹೊಡೆಯುವವನೂ ಗುರಿಯೂ ನಿಂತಿರುವರು, ಕೊನೆಯದರಲ್ಲಿ ಇಬ್ಬರೂ ಚಲಿಸುವರು. ಅರ್ಜುನನ ಲೋಹದ ಹಂದಿ ಎರಡನೆಯ ವರ್ಗದ್ದು. ಆಶ್ಚರ್ಯವೆಂದರೆ ಮೆಕ್ಸಿಕೋ ದೇಶದಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಒಂದು ಸ್ಪರ್ಧೆಯಲ್ಲಿಯೂ ಉಕ್ಕಿನ ಹಂದಿ ಇದೆ. ಅಲ್ಲಿ ೨೦೦ ಮೀಟರಿಗೆ ಕೋಳಿ, ೩೦೦ಕ್ಕೆ ಹಂದಿ, ೩೮೫ಕ್ಕೆ ಟರ್ಕಿ ಕೋಳಿ, ೫೦೦ಕ್ಕೆ ಟಗರು, ಹೀಗೆ ಉಕ್ಕಿನ ಹಲಗೆಗಳನ್ನು ಸಾಲಾಗಿ ನಿಲ್ಲಿಸುವರು. ಗುಂಡು ತಾಗಿ ಬಿದ್ದದ್ದಷ್ಟೇ ಲೆಕ್ಕಕ್ಕೆ. ಮೊದಲು ಜೀವಂತ ಪ್ರಾಣಿಗಳನ್ನೇ ಕಟ್ಟಿ ಹೊಡೆಯುತ್ತಿದ್ದರಂತೆ, ಆಮೇಲೆ ಉಕ್ಕು ಅವುಗಳ ಪ್ರಾಣವನ್ನು ಉಳಿಸಿತು. ಕೊಡಗಿನವರು ಕೈಲ್ ಮುಹೂರ್ತದ ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುವರು. ತೆಂಗಿನಕಾಯಿ ಗುಂಡನ್ನು ತಿರುಗಿ ಎಸೆಯುವದಿಲ್ಲವೆಂಬುದು ಅದರ ದೊಡ್ಡ ಗುಣ. ಆದರೆ ನಮ್ಮ ಕಡೆಯ ಗೃಹಿಣಿಯರು ಅಭ್ಯಾಸಕ್ಕೆಂದು ದಿನಕ್ಕೊಂದು ಕಾಯಿಯನ್ನು ಬಿಟ್ಟುಕೊಡುವ ಸಂಭವವಿಲ್ಲ.

ಕಾಯ್ದೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ನಳಿಗೆಯ ಒಳಅಗಲ ಪಾಯಿಂಟ್ ಒನ್ ಸೆವೆನ್ ಸೆವೆನ್ ಅಂಗುಲವನ್ನೂ, ಎಂದರೆ ಸುಮಾರು ನಾಲ್ಕೂವರೆ ಮಿಲಿಮೀಟರನ್ನೂ, ಶಕ್ತಿಯು ೨೦ ಜೂಲುಗಳನ್ನೂ ಮೀರದ ಗಾಳಿಯ ಬಂದೂಕಿಗೆ ೨೦೧೬ರ ಆಯುಧ ನಿಯಮಗಳಂತೆ ಪರವಾನಗಿ ಬೇಡ. ಉಳಿದ ಕೋವಿಗಳಿಗೆ ೧೯೫೯ರ ಆಯುಧ ಕಾಯ್ದೆ ಅನ್ವಯಿಸುವದು; ಬೆಳೆರಕ್ಷಣೆಗೆಂದು ಕೊಟ್ಟ ಪರವಾನಗಿಯಿಂದ ಗುರಿಯಭ್ಯಾಸ ಮಾಡಬಹುದೇ ಎಂಬುದನ್ನು ಅದರಲ್ಲಿ ಬರೆದ ಷರತ್ತುಗಳನ್ನು ಓದಿ, ಠಾಣೆಯಲ್ಲಿ ವಿಚಾರಿಸಿಯೇ ತಿಳಿಯತಕ್ಕದ್ದು. ಮದುವೆ ಮುಂಜಿಗಳಲ್ಲಿ ಸಂತೋಷಕ್ಕೆಂದು ಅಜಾಗರೂಕವಾಗಿ ಈಡು ಹಾರಿಸಿದರೆ ೨೦೧೯ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು.

ಮನೆಯ ತಾಯಂದಿರು ಗಮನಿಸಬೇಕಾದದ್ದು ಸೀಸದ ಪುಡಿ. ಅದು ವಿಷ, ಮಕ್ಕಳಿಗಂತೂ ವಿಶೇಷವಾಗಿ. ಅಭ್ಯಾಸ ಮುಗಿದ ಮೇಲೆ ಕೈಯನ್ನೂ ಮುಖವನ್ನೂ ಸಾಬೂನು ಹಚ್ಚಿ ತೊಳೆಯದೆ ಕವಳದ ತಟ್ಟೆಗಾಗಲಿ ಊಟದ ಎಲೆಗಾಗಲಿ ಕೈಹಾಕಗೊಡಬಾರದು. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ಬಾವಿಯ ಹತ್ತಿರ, ತೋಟಕ್ಕೆ ನೀರು ಬರುವ ಹಳ್ಳದ ಮೇಲ್ಭಾಗದಲ್ಲಿ ಹಲಗೆಯನ್ನು ನಿಲ್ಲಿಸಲೇಬಾರದು. ಹಲಗೆಯ ಬುಡದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ಚೂರುಗಳನ್ನು ಕೂಡಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಮಕ್ಕಳ ಕೈಗೆ ಎಟುಕದಂತೆ ಇಡಬೇಕು.

ಮಳೆಗಾಲದ ನಾಲ್ಕು ತಿಂಗಳು ಹಲಗೆಯನ್ನು ಬಿಚ್ಚಿ ಅಟ್ಟದ ಮೇಲಿಡುವದು ಒಳ್ಳೆಯದು. ಮೇಲ್ಮೈಯ ತುಕ್ಕಿನಿಂದ ಹಲಗೆಗೆ ಕೆಡುಕಿಲ್ಲ, ತುಕ್ಕು ಹಿಡಿದ ಬೋಲ್ಟು ಸರಪಳಿಗಳಿಂದ ಉಂಟು. ದೀಪಾವಳಿಯ ಹೊತ್ತಿಗೆ ಮರಳಿ ಕಟ್ಟುವ ಮುಂಚೆ ಎರಡೂ ಮೈಯನ್ನು ಅಂಗೈಯಿಂದ ಸವರಿ ನೋಡಬೇಕು. ಬೆರಳಿನ ತುದಿ ನಿಲ್ಲುವಷ್ಟು ಕುಳಿ ಸಿಕ್ಕಿದರೆ ಆ ಹಲಗೆಯ ಆಯುಷ್ಯ ಮುಗಿಯಿತು. ಆಮೇಲೆ ಅದನ್ನು ತೂಗಬಿಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿಯಬೇಕು. ನಾವು ಮಾಸ್ತರಿಕೆ ಮಾಡಿದ ಶಾಲೆಗಳಲ್ಲಿ ಗಂಟೆಯೆಂದರೆ ರೈಲುಕಂಬಿಯ ತುಂಡು. ಅದರ ದನಿ ಅರ್ಧ ಹರದಾರಿಗೆ ಕೇಳುತ್ತಿತ್ತು. ಒಳಗೆ ಬಿರುಕಿಲ್ಲದ ಉಕ್ಕು ಹಾಗೆ ತುಂಬುದನಿಯಿ೦ದ ನುಡಿಯುವದು. ಒಡಕು ಮಡಕೆಯ ದನಿ ಬಂದರೆ ಹಲಗೆಯನ್ನು ಗುಜರಿಗೆ ಹಾಕಬೇಕು. ಕುಳಿ ಬಿದ್ದರೂ ದನಿ ಕೆಡದಿದ್ದರೆ, ತೋಟದ ತಲೆಯಲ್ಲಿ ಕಟ್ಟಿ ಮಂಗಗಳು ಬಂದಾಗ ಬಡಿಯಲು ಅದು ಆಗುವದು.